ನಲವತ್ತನೆಯ ಪೇಪರು

ಮಗನ ಪೇಪರನ್ನು ತಾಯಿ ತಿದ್ದಬಾರದು ಎಂಬ ನಿಯಮ ಮಾಡಿದವರಿಗೆ ಮಕ್ಕಳಿರಲಿಕ್ಕಿಲ್ಲ ಎಂಬುದು ರಕ್ಷಿತಾಳ ಖಚಿತ ಅಭಿಪ್ರಾಯ. ಇದ್ದರೂ ಅವು ಫ್ರೆಂಚ್ ಕಲಿಯುತ್ತಿರಬೇಕು.

ಮಸ್ಕತ್ತಿನ ಆ ಭಾರತೀಯ ಶಾಲೆಯಲ್ಲಿ ಕನ್ನಡ ಶುರುವಾಗಿ ಒಂದೇ ವರ್ಷವಾಗಿತ್ತು, ಅದೂ ಪ್ರಯೋಗಾರ್ಥ. ಮೂರನೆಯ ಭಾಷೆಯಾಗಿ ಫ್ರೆಂಚ್, ಸಂಸ್ಕೃತ, ಮಲಯಾಳಂ ಇರುವಲ್ಲಿ ಕನ್ನಡವೂ ಇರಲಿ ಎಂದು ಅಲ್ಲಿನ ಕನ್ನಡಿಗರು ಅರ್ಜಿ ಕೊಟ್ಟಾಗ ಪ್ರಿನ್ಸಿಪಾಲ್ ಮೇಡಂ ಒಪ್ಪಿ, ಒಂದು ಷರತ್ತು ಹಾಕಿದ್ದರು. ಐದನೆಯ ತರಗತಿಯಲ್ಲಿ ನಲವತ್ತು ಮಕ್ಕಳು ಸಿಗಬೇಕು. ಆರನೆಯ ತರಗತಿಗೂ ಆ ನಲವತ್ತು ಉಳಿಯಬೇಕು. ಒಂದು ತಲೆ ಕಡಿಮೆಯಾದರೂ ಕನ್ನಡ ಬಂದ್, ಕನ್ನಡದ ಟೀಚರೂ ಮನೆಗೆ. ಅರ್ಜಿಗೆ ಸಹಿ ಹಾಕಿದವರು ಇನ್ನೂರ ಹನ್ನೊಂದು ಜನ. ಹಾಗಾದರೆ ಮಕ್ಕಳನ್ನು ಸೇರಿಸಿ ಎಂದಾಗ ಸಿಕ್ಕಿದ್ದು ಮೂವತ್ತೊಂಬತ್ತು. ಕೊನೆಗೆ ರಕ್ಷಿತಾ, ಫ್ರೆಂಚೇ ಬೇಕೆಂದು ಎರಡು ಹೊತ್ತು ಊಟ ಬಿಟ್ಟಿದ್ದ ತನ್ನ ಮಗ ಪುಟ್ಟುವನ್ನು ನಲವತ್ತನೆಯವನಾಗಿ ಸೇರಿಸಿ ಕಡಲಾಚೆ ಕನ್ನಡವನ್ನು ಉಳಿಸಿದಳು. (ತನ್ನ ಕೆಲಸವನ್ನೂ ಎಂದು ಸೇರಿಸಿಕೊಳ್ಳಬಹುದು.)

ಅಂದಿನಿಂದ ಆಕೆಗೆ ಬಿಡುವಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಇಬ್ಬರ ಡಬ್ಬಿ ತುಂಬಿ, ಪುಟ್ಟುವನ್ನೂ ತನ್ನನ್ನೂ ಒಂದೇ ಬಸ್ಸಿಗೆ ಹತ್ತಿಸಿ, ಕನ್ನಡದ ಪೀರಿಯಡ್ಡು ಮುಗಿದ ಮೇಲೆ ಉಳಿದ ತರಗತಿಗಳಿಗೆ ನೀತಿಶಿಕ್ಷಣ ಹೇಳಿ, ಮನೆಗೆ ಬಂದು ನಲವತ್ತು ಕಾಪಿ ಪುಸ್ತಕ ತಿದ್ದುವಷ್ಟರಲ್ಲಿ ಪುಟ್ಟು ಟಿವಿಯ ಮುಂದೆ ಹಿಂದಿಯಲ್ಲಿ ನಗುತ್ತ, ಇಂಗ್ಲಿಷಿನಲ್ಲಿ ನಿದ್ದೆ ಹೋಗಿರುತ್ತಿದ್ದ. ಊರವರ ಮಕ್ಕಳಿಗೆಲ್ಲ ಕನ್ನಡ ಕಲಿಸುವ ಭರದಲ್ಲಿ ಮನೆಯ ಒಬ್ಬನಿಗೆ ಕಲಿಸಲು ಪುರುಸೊತ್ತು ಸಿಗಲಿಲ್ಲ. ಗಂಡ ಸುಜಯ ಸಿಮೆಂಟು ಕಂಪನಿಯ ಸ್ಟೋರ್ ಕೀಪರ್. ಪುಟ್ಟುವಿನ ಓದು ಹೇಗೆ ನಡೆದಿದೆ ಎಂದು ಆತ ವಾರಕ್ಕೊಮ್ಮೆ, ಶುಕ್ರವಾರ, ತಪ್ಪದೆ ವಿಚಾರಿಸುತ್ತಿದ್ದ. ಅಷ್ಟರ ಮಟ್ಟಿಗೆ ಅವನು ಜವಾಬ್ದಾರಿಯುತ ತಂದೆ.

2007ರ ಮಾರ್ಚಿನಲ್ಲಿ ವಾರ್ಷಿಕ ಪರೀಕ್ಷೆ ಬಂತು. ಮುಂದಿನ ವರ್ಷದ ಭಾಷೆಯನ್ನು ಪಾಲಕರು ಆರಿಸುವುದು ಫಲಿತಾಂಶದ ದಿನವೇ, ಅಂಕ ನೋಡಿಕೊಂಡು. ಫ್ರೆಂಚಿನ ಟೀಚರು ಸ್ವಂತ ಹೆಸರು ಬರೆದು ಬಾವುಟಕ್ಕೆ ಬಣ್ಣ ಹಚ್ಚಿದವರಿಗೆ ಐವತ್ತಕ್ಕೆ ನಲವತ್ತೆಂಟು ಕೊಡುವ ಉದಾರಿ. ಹೀಗಾಗಿ ರಕ್ಷಿತಾಳೂ ಒಂದು ತತ್ವ ಕಟ್ಟಿಕೊಂಡಿದ್ದಳು: ಯಾರಿಗೂ ನಲವತ್ತರ ಕೆಳಗೆ ಇಲ್ಲ. ಫೇಲಂತೂ ದೂರದ ಮಾತು. ಆ ಶಾಲೆ ದಯಾಮಯವಾದದ್ದು. ಒಂದು ಭಾಷೆಯಲ್ಲಿ ಫೇಲಾದವನನ್ನು ಅದು ಶಿಕ್ಷಿಸುವುದಿಲ್ಲ, ಇನ್ನೊಂದು ಭಾಷೆಗೆ ಕಡ್ಡಾಯವಾಗಿ ವರ್ಗಾಯಿಸುತ್ತದೆ.

ತೊಡಕಿದ್ದದ್ದು ಒಂದೇ ಪೇಪರಿನಲ್ಲಿ. ಟೀಚರ ಸ್ವಂತ ಮಕ್ಕಳ ಪೇಪರನ್ನು ಅರ್ಹರಾದ ಬೇರೊಬ್ಬರು ತಿದ್ದಿ, ಸಹಿ ಹಾಕಿ, ಲಕೋಟೆಯಲ್ಲಿ ಮೊಹರು ಮಾಡಿ ಕೊಡಬೇಕು. ಇಡೀ ಶಾಲೆಯಲ್ಲಿ ಕನ್ನಡ ಓದಲು ಬರುವ ಬೇರೊಬ್ಬರು ಇರಲಿಲ್ಲ. ಅದೇ ಹೊತ್ತಿಗೆ ಕಾರವಾರದ ಹೊರಗೆ ಐದು ಗುಂಟೆ ಜಾಗ ರಕ್ಷಿತಾಳ ಹೆಸರಿಗೆ ನೋಂದಣಿಯಾಗಬೇಕಿತ್ತು, ಅವಳೇ ಬಂದು ಹೆಬ್ಬೆಟ್ಟು ಒತ್ತಬೇಕಿತ್ತು. ರಜೆ ಕೇಳಲು ಹೋದಾಗ ಪ್ರಿನ್ಸಿಪಾಲರು ಆರು ದಿನ ಕೊಟ್ಟು, ಪೇಪರುಗಳನ್ನು ತಿದ್ದಿಯೇ ತರಬೇಕೆಂದರು. ಮಾವ ನಿವೃತ್ತ ಹೆಡ್‌ಮಾಸ್ತರರು ಎಂದು ಇವಳು ಅಂದಾಗ, ಮಗನ ಪೇಪರಿಗೆ ಅವರೇ ಆಗಲಿ ಎಂದು ಒಪ್ಪಿದರು. ಒಂದೇ ವಿಮಾನದಲ್ಲಿ ಎರಡು ಕೆಲಸವಾದವು ಎಂದು ರಕ್ಷಿತಾ ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡಳು. ಅತ್ತೆಗೆಂದು ಕೊಂಡಿದ್ದ ಹುಲಿಚಿತ್ರದ ಕಂಬಳಿಯನ್ನು ಸೂಟ್‌ಕೇಸಿನಿಂದ ಹೊರಗೆ ತೆಗೆದು, ಆ ಜಾಗದಲ್ಲಿ ಪೇಪರಿನ ಕಟ್ಟು ತುಂಬಿದಳು.

ಮುಂಬೈ ಸುತ್ತಿ, ಗೋವೆಯಲ್ಲಿ ಇಳಿದು, ಕಾಳಿ ಸೇತುವೆ ದಾಟಿ ತಾಯಿ-ಮಗ ಗಂಡನ ಊರಾದ ಅವರ್ಸಾ ಮುಟ್ಟಿದಾಗ ಮಾವ ರಾಮನಾಥ ನಾಯಕರು ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಓದುತ್ತಿದ್ದರು ಅನ್ನುವುದಕ್ಕಿಂತ ತಿದ್ದುತ್ತಿದ್ದರು. ದಿನಪತ್ರಿಕೆಯ ಕಾಗುಣಿತದ ತಪ್ಪುಗಳಿಗೆ ಕೆಂಪು ಸುತ್ತು ಹಾಕುವುದು ನಿವೃತ್ತಿಯ ನಂತರ ಅವರ ಮುಖ್ಯ ಉದ್ಯೋಗವಾಗಿತ್ತು. ಮೂವತ್ತಾರು ವರ್ಷ ಅಂಕೋಲಾ ತಾಲೂಕಿನ ಶಾಲೆಗಳಲ್ಲಿ ಕಲಿಸಿದ ಮನುಷ್ಯ. ಐವತ್ತಕ್ಕೆ ಮೂವತ್ತು ಕೊಟ್ಟದ್ದು ಆ ಅವಧಿಯಲ್ಲಿ ಎರಡೇ ಸಲ, ಅದರಲ್ಲಿ ಒಂದು ಕೂಡಿಸುವಾಗ ಆದ ತಪ್ಪು. ಇವತ್ತಿಗೂ ಅವರು ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ನರೆಗೂದಲಿನ ಗಂಡಸರು ಬೀಡಿಯನ್ನು ಬೆನ್ನ ಹಿಂದೆ ಸರಿಸುತ್ತಾರೆ.

ಪುಟ್ಟು ಅಜ್ಜನಿಗೆ “ಹಾಯ್” ಅಂದ. ಅಜ್ಜ ಕನ್ನಡಕದ ಮೇಲಿನಿಂದ ಅವನನ್ನು ಒಂದು ನಿಮಿಷ ನೋಡಿ, ಊಟವಾಯಿತೇ ಎಂದು ಕೇಳಿದರು. ಅವನು ತಾಯಿಯ ಮುಖ ನೋಡಿದ. ತಾಯಿ ಇಂಗ್ಲಿಷಿನಲ್ಲಿ ಹೇಳಿಕೊಟ್ಟಳು. ಮಾಸ್ತರರು ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದಾಗಲೇ ಮಕ್ಕಳು ಹೆಚ್ಚು ಹೆದರುತ್ತಿದ್ದದ್ದು ಎಂದು ಸುಜಯ ಹಿಂದೊಮ್ಮೆ ಹೇಳಿದ್ದು ರಕ್ಷಿತಾಳಿಗೆ ಆ ಕ್ಷಣ ನೆನಪಾಗಲಿಲ್ಲ.

ಮರುದಿನ ಕಾರವಾರಕ್ಕೆ ಹೊರಡುವ ಮುನ್ನ ಅವಳು ಕಟ್ಟನ್ನು ಜಗಲಿಯ ಮೇಜಿನ ಮೇಲಿಟ್ಟು, ಎಲ್ಲಕ್ಕಿಂತ ಮೇಲೆ ಪುಟ್ಟುವಿನ ಪೇಪರು ಇಟ್ಟಳು. ಶಾಲೆಯ ನಿಯಮ ವಿವರಿಸಿದಳು. ಅಲ್ಲಿನ ಮಕ್ಕಳ ಮಟ್ಟ ಬೇರೆ, ಸ್ವಲ್ಪ ಮೃದುವಾಗಿ ನೋಡಬೇಕು ಎಂದು ಸೇರಿಸಿದಳು.

“ಮೇಲಿಂದು ಒಂದೇ ಪೇಪರು ಮಾವ. ಬಾಕಿ ಮೂವತ್ತೊಂಬತ್ತು ನಾ ಬಂದು ನೋಡ್ಕಳ್ತೆ.”

“ಬಾಕಿದು ನಿಂಗೆ ಎಷ್ಟೊತ್ತಾಗ್ತದೆ?” ಎಂದರು ಮಾವ.

ಎರಡು ತಾಸು ಎಂದು ಅವಳು ಸತ್ಯ ಹೇಳಿದಳು. ಮೂವತ್ತೊಂಬತ್ತು ಪೇಪರಿಗೆ ಎರಡು ತಾಸು ಎಂದರೆ ಪೇಪರೊಂದಕ್ಕೆ ಮೂರು ನಿಮಿಷ ಎಂಬ ಲೆಕ್ಕ ಮಾಸ್ತರರ ಮುಖದ ಮೇಲೆ ಹಾದುಹೋಯಿತು. ಪಾಪ, ಎಷ್ಟು ಕೆಲಸ ಈ ಹುಡುಗಿಗೆ ಎಂಬ ಮರುಕ ಅದರ ಬೆನ್ನಿಗೇ ಬಂತು. ಅನರ್ಥ ಹುಟ್ಟಿದ್ದು ಆ ಮರುಕದಲ್ಲಿ.

ಕಾರವಾರದಲ್ಲಿ ಒಂದು ದಿನದ ಕೆಲಸಕ್ಕೆ ಎರಡು ದಿನ ಹಿಡಿಯಿತು. ಜಾಗ ಮಾರುವ ಚಂಪಾಬಾಯಿ ಕಿನ್ನರ ಎಂಬ ಹಳ್ಳಿಯಿಂದ ಸರಿಯಾದ ಹೊತ್ತಿಗೇ ಬಂದಳು. ಬಂದ ಮೇಲೆ ಅವತ್ತು ಮಂಗಳವಾರ ಎಂದು ನೆನಪು ಮಾಡಿಕೊಂಡಳು. ಮಂಗಳವಾರ ಭೂಮಿ ಕೊಡುವುದು ಅವರ ಮನೆಯಲ್ಲಿ ಇಲ್ಲವಂತೆ. ಸೋಮವಾರವೇ ಮರುದಿನ ಮಂಗಳವಾರವೆಂದು ಗೊತ್ತಿರಲಿಲ್ಲವೇ ಎಂದು ರಕ್ಷಿತಾ ಕೇಳಿದ್ದಕ್ಕೆ, ಸೋಮವಾರ ತಾನು ಉಪವಾಸವಿರುವುದರಿಂದ ತಲೆ ಓಡುವುದಿಲ್ಲ ಎಂದು ಶಾಂತವಾಗಿ ಉತ್ತರಿಸಿದಳು. ರಕ್ಷಿತಾ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಬುಧವಾರ ಹೆಬ್ಬೆಟ್ಟು ಒತ್ತಿ, ಐದು ಗುಂಟೆಯ ಒಡತಿಯಾಗಿ ಸಂಜೆಯ ಬಸ್ಸಿಗೆ ಅವರ್ಸಾದಲ್ಲಿ ಇಳಿದಳು.

ಅತ್ತೆ ಗಂಗೂಬಾಯಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಅಂಗಳದಲ್ಲೇ ಕೂತಿದ್ದರು. “ಎರಡು ದಿನದಿಂದ ಮಾಸ್ತರು ಜಗಲಿ ಬಿಟ್ಟು ಎದ್ದೇ ಇಲ್ಲ ನೋಡು. ಚಾ ಸಹಾ ಅಲ್ಲೇ. ಊಟಕ್ಕೆ ಕರೆದ್ರೆ ‘ಇನ್ನು ಏಳು ಅದೆ, ಇನ್ನು ಆರು ಅದೆ’ ಅಂತ್ರು. ರಿಟೈರಾದ ಮೇಲೆ ಇಷ್ಟು ಖುಷಿಲಿ ನಾ ಅವ್ರನ್ನ ಕಂಡದ್ದೇ ಇಲ್ಲ.”

ರಕ್ಷಿತಾ ಚೀಲವನ್ನು ಅಂಗಳದಲ್ಲೇ ಬಿಟ್ಟು ಜಗಲಿ ಹತ್ತಿದಳು.

ಕಟ್ಟು ಮೇಜಿನ ಮೇಲಿತ್ತು. ಹೊಸ ದಾರದಿಂದ, ಅಡ್ಡ ಎರಡು ಉದ್ದ ಎರಡು, ಇಲಾಖೆಯ ಪದ್ಧತಿಯಂತೆ ಬಿಗಿದಿತ್ತು. ಬಿಚ್ಚಿದಳು. ಮೊದಲ ಪೇಪರಿನ ಮೇಲೆ ಕೆಂಪು ಶಾಯಿಯ ಸುತ್ತಿನಲ್ಲಿ 11. ಎರಡನೆಯದು 14. ಮೂರನೆಯದು 8. ಬೇಗ ಬೇಗ ಮಗುಚಿದಳು. ಹದಿನೆಂಟಕ್ಕೆ ಪಾಸು, ಮೂವತ್ತೊಂಬತ್ತರಲ್ಲಿ ಪಾಸಾದವರು ಆರು, ಫೇಲಾದವರು ಮೂವತ್ತಮೂರು. ಅಂಚುಗಳಲ್ಲೆಲ್ಲ ಮಾಸ್ತರರ ಷರಾ, ಒಂದಕ್ಕೊಂದು ಕೂಡಿಸಿ ಬರೆದ ಕೂಡಕ್ಷರದಲ್ಲಿ. ಹಳ್ಳಿಯ ಬಗ್ಗೆ ಐದು ವಾಕ್ಯ ಬರೆಯಿರಿ ಎಂಬ ಪ್ರಶ್ನೆಗೆ ಒಬ್ಬ “ಹಳ್ಳಿಯಲ್ಲಿ ಹಸು ಇದೆ. ಅಜ್ಜ ಇದೆ. ನೆಟ್ ಇಲ್ಲ” ಎಂದು ಮೂರಕ್ಕೇ ಮುಗಿಸಿದ್ದ. ಪಕ್ಕದಲ್ಲಿ: “ಅಜ್ಜ ಇರುವುದು ಸಂತೋಷ. ಆದರೆ ಅರ್ಧ ಅಂಕ ಮಾತ್ರ.” ಪ್ರವಾಸಕ್ಕೆ ಹಣ ಕೇಳಿ ತಂದೆಗೆ ಪತ್ರ ಬರೆಯುವಲ್ಲಿ ಇನ್ನೊಬ್ಬಳು “ಅಪ್ಪ, ಕಾರ್ಡು ಕೊಡು” ಎಂದಿಷ್ಟೇ ಬರೆದಿದ್ದಳು. ಅದಕ್ಕೆ: “ಶ್ರೀಯೂ ಇಲ್ಲ, ಕ್ಷೇಮವೂ ಇಲ್ಲ. ಪಾಲಕರು ಕೂಡಲೇ ಬಂದು ಕಾಣತಕ್ಕದ್ದು.” ಈ ಕೊನೆಯ ವಾಕ್ಯ ಹತ್ತೊಂಬತ್ತು ಪೇಪರುಗಳ ಮೇಲಿತ್ತು. ಮಸ್ಕತ್ತಿನ ಪಾಲಕರು ಅವರ್ಸಾಕ್ಕೆ ಹೇಗೆ ಬರಬೇಕು ಎಂಬುದನ್ನು ಬರೆದಿರಲಿಲ್ಲ.

ಕಟ್ಟಿನ ತಳದಲ್ಲಿ, ಒಂದು ಕೆಂಪು ಚುಕ್ಕೆಯೂ ಇಲ್ಲದೆ, ಹೇಗೆ ಕೊಟ್ಟಿದ್ದಳೋ ಹಾಗೇ ಇತ್ತು, ಪುಟ್ಟುವಿನ ಪೇಪರು.

ಮಾವ ಕೈತೊಳೆದು ಬಂದು ಕುರ್ಚಿಯಲ್ಲಿ ಕೂತರು. ಬೆರಳುಗಳ ಮೇಲೆ ಇನ್ನೂ ಕೆಂಪು ಉಳಿದಿತ್ತು. ಮುಖದಲ್ಲಿ ಒಂದು ಕಳೆಯಿತ್ತು.

“ಇದನ್ನ ಎಂತಕೆ ಬಿಟ್ರಿ ಮಾವ? ನಾ ಹೇಳಿದ್ದು ಇದೊಂದೇ ಅಲ್ದಾ?”

“ಅದು ನಮ್ಮ ಪುಟ್ಟುಂದು, ತಂಗಿ. ಮನೆ ಹುಡುಗ್ನ ಪೇಪರು ನಾ ಮುಟ್ಟೂದಿಲ್ಲ. ಮೂವತ್ತಾರು ವರ್ಷದಲ್ಲಿ ಮುಟ್ಟಲಿಲ್ಲ.” ಸಂಕೋಚದಿಂದ ಎನ್ನುವಂತೆ ಹೇಳಿದರು. “ಉಳಿದದ್ದು ನೋಡೇ ಬಿಟ್ಟೆ. ನಿಂಗೆ ಇಷ್ಟು ಕೆಲಸ, ಬಾಯಿಬಿಟ್ಟು ಕೇಳೂಕೆ ನಾಚಿಕೆ ಆಗಿರ್ತದೆ ಅಂತ ತಿಳೀತು.”

ಬೈಯಲು ತೆರೆದ ಬಾಯನ್ನು ರಕ್ಷಿತಾ ಥ್ಯಾಂಕ್ಸ್ ಹೇಳಲು ಬಳಸಿಕೊಂಡಳು. ಒಳಗೆ ಹೋಗಿ ಮಸ್ಕತ್ತಿಗೆ ಫೋನು ಮಾಡಿದಳು. ಸುಜಯ ಎಲ್ಲವನ್ನೂ ಕೇಳಿ, ಅದು ಗೊತ್ತಿದ್ದದ್ದೇ ಅಲ್ಲವೇ ಎಂದ. ಅವನು ಶಾಲೆಯಲ್ಲಿದ್ದಾಗಲೂ ಅಪ್ಪ ಅವನ ಪೇಪರನ್ನು ಅಂಕೋಲೆಯ ಕೇಶವ ಮಾಸ್ತರರಿಗೆ ಕಳಿಸುತ್ತಿದ್ದರಂತೆ. ಗೆಳೆಯನ ಮಗನೆಂದು ಸಡಿಲ ಬಿಟ್ಟರೆ ಮಾತು ಬರುತ್ತದೆಂದು ಕೇಶವ ಮಾಸ್ತರರು ಎರಡು ಅಂಕ ಕಮ್ಮಿಯೇ ಹಾಕುತ್ತಿದ್ದರಂತೆ. ಹದಿನಾರು ಬಂದದ್ದರಿಂದಲೇ ತಾನು ವಿಜ್ಞಾನ ಬಿಟ್ಟು ಕಾಮರ್ಸು ಹಿಡಿದದ್ದು ಎಂದೂ ತಿಳಿಸಿದ. ಇದನ್ನು ಹೊರಡುವ ಮೊದಲೇ ಹೇಳಬಾರದಿತ್ತೇ ಎಂದಾಗ, ನೀನು ಕೇಳಲಿಲ್ಲವಲ್ಲ ಎಂದ. ಸಂಸಾರದ ಮಹತ್ವದ ಮಾಹಿತಿಗಳನ್ನು ಸ್ಟೋರಿನಲ್ಲಿಟ್ಟು, ಬೇಡಿಕೆ ಚೀಟಿ ಇಲ್ಲದೆ ಹೊರಗೆ ಬಿಡದಿರುವುದು ಅವನ ಕಸುಬಿನ ಗುಣ.

ಅಷ್ಟರಲ್ಲಿ ಮಾವ ಪುಟ್ಟುವಿನ ಪೇಪರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅಂಕೋಲೆಯ ಬಸ್ಸು ಹತ್ತಿಯಾಗಿತ್ತು. ಮರುದಿನ ಮಧ್ಯಾಹ್ನ ಅದು ಮರಳಿ ಬಂದದ್ದು ದಪ್ಪ ಲಕೋಟೆಯ ರೂಪದಲ್ಲಿ. ನಾಲ್ಕು ಮೂಲೆಗೂ ನಡುವಿಗೂ ಅರಗು ಕರಗಿಸಿ ಮೊಹರು ಒತ್ತಿತ್ತು. ಒಳಗೆ ಎಷ್ಟು ಎಂದು ಅವಳು ಕೇಳಿದಳು. “ನಂಗೂ ಹೇಳಲಿಲ್ಲ ಅಂವ,” ಎಂದರು ಮಾವ, ಗೆಳೆಯನ ಬಗ್ಗೆ ಹೆಮ್ಮೆಯಿಂದ.

ಮೂವತ್ತೊಂಬತ್ತು ಪೇಪರುಗಳ ಉದ್ಧಾರ ನಡೆದದ್ದು ಮುಂಬೈ ವಿಮಾನ ನಿಲ್ದಾಣದಲ್ಲಿ, ಮುಂದಿನ ವಿಮಾನಕ್ಕೆ ನಾಲ್ಕು ತಾಸು ಕಾಯುವಾಗ. ಪುಟ್ಟುವಿಗೆ ಚಿಪ್ಸು ಕೊಡಿಸಿ, ಸೂಟ್‌ಕೇಸನ್ನು ಮೊಣಕಾಲ ಮೇಲಿಟ್ಟು, ಒಂದು ಕೆಂಪು ಪೆನ್ನು ಕೊಂಡು ರಕ್ಷಿತಾ ಕೂತಳು. ಮಾವನ ಕೃಪಣತನದಲ್ಲೇ ಒಂದು ಅನುಕೂಲ ಅಡಗಿರುವುದು ಅವಳಿಗೆ ಅಲ್ಲಿ ಹೊಳೆಯಿತು. ಅವರು ಬಹುತೇಕ ಎಲ್ಲರಿಗೂ ಹತ್ತು ಚಿಲ್ಲರೆ ಕೊಟ್ಟಿದ್ದರು. ಒಂದರ ಎಡಕ್ಕೆ ಎರಡು ಗೀಟು ಎಳೆದರೆ ಅದು ನಾಲ್ಕಾಗುತ್ತದೆ. 11 ನಲವತ್ತೊಂದಾಯಿತು, 14 ನಲವತ್ತನಾಲ್ಕಾಯಿತು. 8ರ ಮುಂದೆ ಒಂದು ನಾಲ್ಕನ್ನು ಕೂರಿಸಿದರೆ ಆಯಿತು. ಕಷ್ಟ ಕೊಟ್ಟವರು ನಿಜವಾಗಿ ಕನ್ನಡ ಬಂದವರು. 21, 23 ಪಡೆದ ಮಕ್ಕಳ ಎರಡನ್ನು ಏನು ಮಾಡಿದರೂ ನಾಲ್ಕಾಗಲು ಒಪ್ಪಲಿಲ್ಲ. ಹೊಡೆದುಹಾಕಿ, ಪಕ್ಕದಲ್ಲಿ ಬರೆದು, ಸಹಿ ಮಾಡಬೇಕಾಯಿತು. ಹೀಗೆ ಎಂಟು ಅಂಕದ ಹುಡುಗನಿಗೆ ನಲವತ್ತೆಂಟು, ಇಪ್ಪತ್ತೊಂದರ ಹುಡುಗಿಗೆ ನಲವತ್ತೊಂದು ಬಂತು. ಅವಳೊಳಗಿನ ನೀತಿಶಿಕ್ಷಣದ ಟೀಚರಿಗೆ ಇದು ಸ್ವಲ್ಪ ಚುಚ್ಚಿತು. ಕನ್ನಡದ ಟೀಚರು ಆಕೆಯನ್ನು ಸಮಾಧಾನ ಮಾಡಿದಳು. ಒಳಗಿನ ಬಿಡಿ ಅಂಕಗಳನ್ನು ಯಾರೂ ಕೂಡಿಸಿ ನೋಡುವುದಿಲ್ಲ, ಷರಾಗಳನ್ನು ಓದಲು ಪಾಲಕರಿಗೆ ಪುರುಸೊತ್ತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅರಗಿನ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಕೇಶವ ಮಾಸ್ತರರು ಒಳಗೆ ಹಳೆಯ ಕ್ಯಾಲೆಂಡರಿನ ಹಾಳೆ ಮಡಚಿ ಇಟ್ಟಿದ್ದರು. ಏನೂ ಕಾಣಲಿಲ್ಲ.

ಫಲಿತಾಂಶದ ದಿನ ಎಲ್ಲವೂ ಅವಳು ಲೆಕ್ಕ ಹಾಕಿದಂತೆಯೇ ನಡೆಯಿತು. ಪಾಲಕರು ಬಂದರು, ಸುತ್ತಿನೊಳಗಿನ ಅಂಕೆ ನೋಡಿದರು, ಮಕ್ಕಳ ಬೆನ್ನು ತಟ್ಟಿದರು. ಅಂಚಿನ ಕೆಂಪು ಅಕ್ಷರಗಳನ್ನು ಹೊಗಳಿಕೆ ಎಂದೇ ಬಗೆದು ಒಬ್ಬ ತಂದೆ ಅವುಗಳ ಫೋಟೊ ತೆಗೆದುಕೊಂಡ. (ಪಾಲಕರು ಕೂಡಲೇ ಬಂದು ಕಾಣತಕ್ಕದ್ದು ಎಂಬ ಪೇಪರೇ ಅದು, ಹೇಗೂ ಬಂದಿದ್ದನಲ್ಲ.) ಮೂವತ್ತೊಂಬತ್ತು ಪಾಲಕರೂ ಆರನೆಯ ತರಗತಿಗೆ ಕನ್ನಡವೇ ಇರಲಿ ಎಂದು ಸಹಿ ಹಾಕಿದರು. ಫ್ರೆಂಚಿನ ಟೀಚರು ದೂರದಿಂದ ನೋಡುತ್ತಿದ್ದಳು.

ಕೊನೆಗೆ ಪ್ರಿನ್ಸಿಪಾಲರು ಕತ್ತರಿಯಿಂದ ಅರಗು ಕೆತ್ತಿ ಲಕೋಟೆ ಬಿಡಿಸಿದರು. ಐವತ್ತಕ್ಕೆ ಹದಿಮೂರು. ಕೆಳಗೆ ಕೇಶವ ಮಾಸ್ತರರ ಸಹಿ, ದಿನಾಂಕ, ನಿವೃತ್ತ ಎಂಬ ಪದ. ಪ್ರಿನ್ಸಿಪಾಲರು ಎದ್ದು ನಿಂತು ರಕ್ಷಿತಾಳ ಕೈ ಕುಲುಕಿದರು. ಊರವರ ಮಕ್ಕಳನ್ನೆಲ್ಲ ದಡ ಸೇರಿಸಿ, ಸ್ವಂತ ಮಗನಿಗೆ ಬಂದಷ್ಟೇ ಬರಲಿ ಎಂದು ಬಿಟ್ಟ ಟೀಚರನ್ನು ತಮ್ಮ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಕಂಡಿರಲಿಲ್ಲ ಎಂದರು. ಪ್ರಶಂಸಾಪತ್ರ ಟೈಪು ಮಾಡಿಸಲು ಹೇಳಿದರು. ಆಮೇಲೆ ಕನ್ನಡಕ ಹಾಕಿಕೊಂಡು ನಿಯಮಾವಳಿ ತೆಗೆದರು. ಫೇಲಾದ ವಿದ್ಯಾರ್ಥಿಗೆ ಕಡ್ಡಾಯವಾಗಿ ಬೇರೆ ಭಾಷೆ. ಯಾವುದು ಬೇಕೆಂದು ಪುಟ್ಟುವನ್ನು ಕೇಳಿದರು. ಪುಟ್ಟು ಈ ಪ್ರಶ್ನೆಗೆ ಒಂದು ವರ್ಷದಿಂದ ತಯಾರಾಗಿದ್ದ.

ಅಲ್ಲಿಗೆ ಕನ್ನಡಕ್ಕೆ ಉಳಿದದ್ದು ಮೂವತ್ತೊಂಬತ್ತು.

ಪ್ರಶಂಸಾಪತ್ರವೂ ಸೇವೆ ಮುಕ್ತಾಯದ ಪತ್ರವೂ ಒಂದೇ ಲಕೋಟೆಯಲ್ಲಿ ಬಂದವು.

ಜುಲೈ ರಜೆಗೆ ಅವರ್ಸಾಕ್ಕೆ ಬಂದಾಗ ಸುದ್ದಿ ಅವಳಿಗಿಂತ ಮೊದಲೇ ಊರು ಸುತ್ತಿತ್ತು. ಮಗನ ಹದಿಮೂರಕ್ಕೆ ಒಂದು ಅಂಕ ಸೇರಿಸದೆ ನೌಕರಿ ಕಳೆದುಕೊಂಡ ಶಾಲೆ ಅಕ್ಕೋರು ಎಂದು ತರಕಾರಿ ಅಂಗಡಿಯಲ್ಲೂ ಜನ ದಾರಿ ಬಿಡುತ್ತಿದ್ದರು. ಅಂಕೋಲೆಯ ನಿವೃತ್ತ ಶಿಕ್ಷಕರು ಸೇರಿ ಒಂದು ಸನ್ಮಾನ ಇಟ್ಟರು. ಬೇಡವೆಂದರೆ ಅದು ವಿನಯವೆಂದು ತಿಳಿದು ಹೂವಿನ ಹಾರವನ್ನು ದೊಡ್ಡದು ಮಾಡಿದರು.

ಸಭೆಯಲ್ಲಿ ಕೇಶವ ಮಾಸ್ತರರು ಅರ್ಧ ತಾಸು ಮಾತಾಡಿದರು, ಹೆಚ್ಚಾಗಿ ಅರಗಿನ ಬಗ್ಗೆ. ಶಾಲು ಹೊದ್ದು, ಹಣ್ಣಿನ ತಟ್ಟೆ ಹಿಡಿದು ಕೂತ ರಕ್ಷಿತಾಳ ಪಕ್ಕದಲ್ಲಿ ಮಾವ ಇದ್ದರು. ಮುಂದಿನ ಸಾಲಿನಲ್ಲಿ ಪುಟ್ಟು ಸಭಿಕರ ತಲೆಗಳನ್ನು ಫ್ರೆಂಚಿನಲ್ಲಿ ಎಣಿಸುತ್ತಿದ್ದ. ಮಾವ ಅವಳತ್ತ ಬಾಗಿದರು.

“ಒಂದು ಅನುಮಾನ ತಂಗಿ. ಫೇಲಾದವ್ರು ಭಾಷೆ ಬದಲು ಮಾಡ್ಬೇಕು ಅಂತ ಅಲ್ಲಿ ನಿಯಮ, ಅಲ್ದಾ?”

“ಹೌದು ಮಾವ.”

“ನಾ ಮೂವತ್ಮೂರು ಮಂದಿನ ಫೇಲ್ ಮಾಡಿದ್ದೆ. ಪುಟ್ಟು ಒಬ್ಬಂದೇ ಎಂತಕೆ ಬದಲಾದದ್ದು?”

ಆ ಹೊತ್ತಿಗೆ ಸರಿಯಾಗಿ ಕೇಶವ ಮಾಸ್ತರರು, ಸನ್ಮಾನಿತರು ಈಗ ಪ್ರಾಮಾಣಿಕ ಮೌಲ್ಯಮಾಪನ ಎಂಬ ವಿಷಯದ ಮೇಲೆ ಎರಡು ಮಾತು ಹೇಳುತ್ತಾರೆ ಎಂದು ಘೋಷಿಸಿದರು. ಜನ್ಮದಲ್ಲಿ ಮೊದಲ ಬಾರಿಗೆ ರಕ್ಷಿತಾ ಮೈಕಿನ ಬಳಿಗೆ ಓಡಿದಳು. ಇಪ್ಪತ್ತು ನಿಮಿಷ ಮಾತಾಡಿದಳು. ಮಾವ ಕೂತ ಕಡೆ ಮಾತ್ರ ನೋಡಲಿಲ್ಲ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು.

ಮರಳಿ ಬಂದು ಕೂತಾಗ ಮಾವ ತಮ್ಮ ಕೈಯಲ್ಲಿದ್ದ ಆಮಂತ್ರಣ ಪತ್ರಿಕೆಯನ್ನು ಮೆಲ್ಲಗೆ ಅವಳ ಹಣ್ಣಿನ ತಟ್ಟೆಯ ಮೇಲೆ ಇಟ್ಟರು. ಅದರ ಹಿಂಬದಿಯಲ್ಲಿ ಕೆಂಪು ಸುತ್ತಿನೊಳಗೆ 11 ಇತ್ತು. ಕೆಳಗೆ ಕೂಡಕ್ಷರದಲ್ಲಿ ಒಂದೇ ಸಾಲು: “ಮುಖ್ಯ ವಿಷಯ ಬಿಟ್ಟುಹೋಗಿದೆ. ಕೂಡಲೇ ಬಂದು ಕಾಣತಕ್ಕದ್ದು.”

ಹನ್ನೊಂದನ್ನು ನಲವತ್ತೊಂದು ಮಾಡಲು ಎರಡೇ ಗೀಟು ಸಾಕು. ಆದರೆ ಈ ಸಲ ಕೆಂಪು ಪೆನ್ನು ಮಾವನ ಜೇಬಿನಲ್ಲಿತ್ತು.